ಮಾಸ್ಕ್ ಇಳಿಸಿ ಮಾತಾಡು

ಹೋದ ತಿಂಗಳು ಗಂಟಲು ನೋವು ಅಂತ ನಮ್ಮ ಏರಿಯಾದ ಕ್ಲಿನಿಕ್ಕಿಗೆ ಹೋಗಿದ್ದೆ. ಸಂಜೆ ಹೊತ್ತು, ಡಾಕ್ಟರು ಇನ್ನೂ ಬಂದಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಐವತ್ತೈದರ ಆಸುಪಾಸಿನ ಒಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಲ್ಲಿ ಪೆನ್ನು, ಮುಖಕ್ಕೆ ನೀಲಿ ಮಾಸ್ಕ್. ಇಡೀ ಕ್ಲಿನಿಕ್ಕಿನಲ್ಲಿ ಮಾಸ್ಕ್ ಹಾಕಿದ್ದವರು ಅವರೊಬ್ಬರೇ. ಪರವಾಗಿಲ್ಲ, ಇನ್ನೂ ಯಾರಿಗೋ ನೆನಪಿದೆ ಅಂದುಕೊಂಡೆ. ಅಷ್ಟರಲ್ಲಿ ಅವರಿಗೆ ಸೀನು ಬಂತು. ಸೀನು ಬರುವ ಮುಂಚೆ ಮುಖ ಮೇಲೆತ್ತಿ ಕಣ್ಣು ಸಣ್ಣ ಮಾಡಿ ಕಾಯುವ ಒಂದು ಗಳಿಗೆ ಇರುತ್ತಲ್ವಾ, ಆ ಗಳಿಗೆಯಲ್ಲಿ ಎರಡು ಬೆರಳಿಂದ ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡರು. ಜೋರಾಗಿ ಸೀನಿದರು. ಕರ್ಚೀಫಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಮಾಸ್ಕನ್ನು ಮೇಲಕ್ಕೇರಿಸಿ, ಮೂಗಿನ ಮೇಲಿನ ತಂತಿಯನ್ನು ನೀಟಾಗಿ ಒತ್ತಿಕೊಂಡು, ಮತ್ತೆ ಮೊಬೈಲು ನೋಡತೊಡಗಿದರು.

ನನಗೆ ನಗು ಬಂತು. ಪಕ್ಕದಲ್ಲಿದ್ದ ಹುಡುಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಈ ಜೋಕು ನಮಗೆಲ್ಲ ಹಳೇದು. 2020ರಲ್ಲಿ ವಾಟ್ಸಾಪ್ ತುಂಬಾ ಇದೇ ಓಡಾಡುತ್ತಿತ್ತು. ಗದ್ದಕ್ಕೆ ಮಾಸ್ಕ್ ಹಾಕಿದವರು, ಒಂದೇ ಕಿವಿಗೆ ನೇತು ಹಾಕಿಕೊಂಡವರು, ಮೊಣಕೈಗೆ ಏರಿಸಿಕೊಂಡವರು, ಆಟೋ ಕನ್ನಡಿಯಲ್ಲಿ ನಿಂಬೆಹಣ್ಣು ಮೆಣಸಿನಕಾಯಿ ಪಕ್ಕ ಕಟ್ಟಿದವರು. ‘ನಮ್ ಜನ ಉದ್ಧಾರ ಆಗಲ್ಲ’ ಅಂತ ಒಂದು ಸಾಲು ಸೇರಿಸಿ ನಾನೂ ಫಾರ್ವರ್ಡ್ ಮಾಡಿದ್ದೇನೆ. ಆದರೆ ಈ ಸಲ ಮನೆಗೆ ಬಂದ ಮೇಲೂ ಆ ಸೀನು ತಲೆಯಿಂದ ಹೋಗಲಿಲ್ಲ. ಅವರು ದಡ್ಡರ ಥರ ಕಾಣಲಿಲ್ಲ. ಯಾರೂ ಹೇಳದಿದ್ದರೂ ಮಾಸ್ಕ್ ಹಾಕಿಕೊಂಡು ಬಂದಿದ್ದವರು. ಮಾಸ್ಕ್ ಗಲೀಜಾಗಬಾರದು ಅಂತ ಇಳಿಸಿದರು, ಅಷ್ಟೇ. ಒಗೆದು ಹಾಕಿಕೊಂಡ ಬಟ್ಟೆಗೆ ಯಾರಾದರೂ ಬೇಕಂತ ಸೀನುತ್ತಾರಾ?

ಹೀಗೇ ಯೋಚನೆ ಮಾಡುತ್ತಾ ಹೋದರೆ, ಆ ಎರಡು ವರ್ಷ ನಾವು ಮಾಸ್ಕಿನ ಜೊತೆ ನಡೆದುಕೊಂಡ ರೀತಿಗೆಲ್ಲ ಒಂದೊಂದು ಲೆಕ್ಕ ಇತ್ತು ಅನ್ನಿಸಿತು. ರೋಗದ ಲೆಕ್ಕಕ್ಕೆ ಅದು ತಾಳೆ ಆಗುತ್ತಿರಲಿಲ್ಲ, ಆದರೆ ಲೆಕ್ಕವಂತೂ ಇತ್ತು. ಅದನ್ನು ಬರೆಯೋಣ ಅಂತ ಕೂತಿದ್ದೇನೆ. ಇದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನೂ ಬರೆಯಬೇಕು. ಸ್ವಲ್ಪ ಸುತ್ತಿ ಬಳಸಿ ಅಲ್ಲಿಗೆ ಬರುತ್ತೇನೆ.

ಸುಂಕು, ಕುಕ್ಕೆ

ನಮ್ಮೂರು ತಿಪಟೂರಿನ ಹತ್ತಿರ. ತೆಂಗು, ಕೊಬ್ಬರಿ, ಮಳೆ ಬಂದರೆ ರಾಗಿ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ಮುಗಿದ ಮಾರನೇ ದಿನ ಬೆಂಗಳೂರಿನಿಂದ ಬೈಕಲ್ಲಿ ಊರಿಗೆ ಹೋದವನು ಐದು ತಿಂಗಳು ಅಲ್ಲೇ ಉಳಿದೆ. ಹಾಗಾಗಿ ಮಾಸ್ಕ್ ಅನ್ನುವ ವಸ್ತು ಒಂದು ಊರಿಗೆ ಮೊದಲ ಸಲ ಬರುವುದನ್ನು ಕಣ್ಣಾರೆ ನೋಡಿದ್ದೇನೆ.

ಮೂಗು ಬಾಯಿ ಮುಚ್ಚಿಕೊಳ್ಳುವುದು ನಮ್ಮವರಿಗೆ ಗೊತ್ತಿಲ್ಲ ಅನ್ನುವ ಮಾತನ್ನು ನಾನು ನಂಬಲ್ಲ. ಮೆಷಿನ್ನಿಗೆ ರಾಗಿ ಹಾಕುವಾಗ ಒಂದು ಸಲ ನೋಡಬೇಕು. ಗಾಳಿಗೆ ಸುಂಕು, ಅಂದರೆ ತೆನೆಯ ಸಣ್ಣ ಹೊಟ್ಟು, ಎದ್ದರೆ ಕುತ್ತಿಗೆ, ಕಂಕುಳು, ಮೂಗಿನ ಒಳಗೆಲ್ಲ ನವೆ. ಅಲ್ಲಿ ನಿಂತವರು ಹೆಗಲ ಮೇಲಿನ ವಲ್ಲಿಯನ್ನು ಮೂಗಿನ ಮೇಲಿಂದ ಸುತ್ತಿ, ಕಿವಿ ಮುಚ್ಚಿ, ಹಿಂದಕ್ಕೆ ಎಳೆದು ಗಂಟು ಹಾಕಿರುತ್ತಾರೆ. ಕಣ್ಣು ಮಾತ್ರ ಕಾಣುತ್ತದೆ. ಕೆಲಸ ಮುಗಿಯುವ ತನಕ ಯಾರೂ ಅದನ್ನು ಗದ್ದಕ್ಕೆ ಇಳಿಸಲ್ಲ, ಯಾರೂ ಮೂಗು ಹೊರಗಿಡಲ್ಲ. ಇದಕ್ಕೆ ಯಾವ ಇಲಾಖೆಯೂ ತರಬೇತಿ ಕೊಟ್ಟಿಲ್ಲ, ಟಿವಿಯಲ್ಲಿ ಜಾಹೀರಾತು ಬಂದಿಲ್ಲ. ಸುಂಕು ತಾನೇ ಹೇಳಿಕೊಡುತ್ತದೆ. ವಲ್ಲಿ ಸ್ವಲ್ಪ ಸಡಿಲ ಆದರೂ ತಕ್ಷಣ ಗೊತ್ತಾಗುತ್ತದೆ. ಕೊರೋನಾ ಹಾಗೆ ಹೇಳಿಕೊಡಲಿಲ್ಲ. ಮೂಗು ತೆಗೆದರೆ ನವೆ ಆಗಲಿಲ್ಲ, ಸೀನೂ ಬರಲಿಲ್ಲ. ಐದು ದಿನ ಆದ ಮೇಲೆ ಜ್ವರ ಬಂದರೆ ಅದು ಯಾವತ್ತಿನ ಮೂಗು, ಯಾರ ಬಾಯಿ ಅಂತ ಹುಡುಕುವುದು ಹೇಗೆ? ಜ್ವರ, ಕೆಮ್ಮು ಏನೂ ಇಲ್ಲದೆ ಆರಾಮಾಗಿ ಓಡಾಡಿಕೊಂಡಿದ್ದವನೂ ಹಂಚುತ್ತಿದ್ದ ಅನ್ನುವುದಂತೂ ಯಾರ ಅನುಭವಕ್ಕೂ ಬರುವಂಥದ್ದಲ್ಲ.

ಊರಲ್ಲಿ ಮಾಸ್ಕಿಗೆ ಮೊದಲ ವಾರವೇ ಹೆಸರು ಬಿತ್ತು. ಕುಕ್ಕೆ. ಎಡೆಕುಂಟೆ ಹೊಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕದಿರಲಿ ಅಂತ ಮೂತಿಗೆ ಕಟ್ಟುತ್ತಾರಲ್ಲ, ಹಗ್ಗದಲ್ಲಿ ಹೆಣೆದಿದ್ದು, ಅದು. ಅರಳಿಕಟ್ಟೆ ಹತ್ತಿರ ಯಾರಾದರೂ ಮಾಸ್ಕ್ ಹಾಕಿಕೊಂಡು ಬಂದರೆ ‘ಓ, ಕುಕ್ಕೆ ಹಾಕ್ಕಂಡ್ ಬಂತು ನೋಡು ಎತ್ತು’ ಅನ್ನುತ್ತಿದ್ದರು. ಆಗ ನಕ್ಕು ಸುಮ್ಮನಾಗಿದ್ದೆ. ಈಗ ನೋಡಿದರೆ ಅದಕ್ಕಿಂತ ಸರಿಯಾದ ಹೆಸರು ಇನ್ನೊಂದು ಇರಲಿಲ್ಲ. ಕುಕ್ಕೆಯಿಂದ ಎತ್ತಿಗೆ ಏನು ಸಿಗುತ್ತೆ? ಏನೂ ಇಲ್ಲ. ಉಳಿಯುವುದು ಪೈರು. ಬಟ್ಟೆ ಮಾಸ್ಕೂ ಹೆಚ್ಚು ಕಮ್ಮಿ ಹಾಗೇ. ಹಾಕಿಕೊಂಡವನಿಗಿಂತ ಎದುರಿಗಿದ್ದವನಿಗೇ ಅದರ ಉಪಯೋಗ ಜಾಸ್ತಿ. ಆಪರೇಷನ್ ಮಾಡುವ ಡಾಕ್ಟರು ಮಾಸ್ಕ್ ಹಾಕಲು ಶುರು ಮಾಡಿದ್ದೂ ಇದೇ ಕಾರಣಕ್ಕೆ. 1897ರಲ್ಲಿ, ಈಗ ಪೋಲೆಂಡಿನಲ್ಲಿರುವ ಬ್ರೆಸ್ಲಾವ್ ಊರಿನ ಮಿಕುಲಿಚ್ ಅನ್ನುವ ಸರ್ಜನ್ ಬಾಯಿಗೆ ಗಾಜ್ ಬಟ್ಟೆ ಕಟ್ಟಿಕೊಂಡಿದ್ದು ತನ್ನ ಎಂಜಲು ರೋಗಿಯ ಗಾಯಕ್ಕೆ ಹಾರಬಾರದು ಅಂತ. ನಮಗೆ ಮಾತ್ರ ಮಾಸ್ಕ್ ಅಂದರೆ ‘ನಿಮ್ಮ ರಕ್ಷಣೆಗೆ’ ಅಂತಲೇ ಹೇಳಿದರು. ನನ್ನ ರಕ್ಷಣೆ ತಾನೇ, ನಾನು ಗಟ್ಟಿಮುಟ್ಟಾಗಿದ್ದೀನಿ, ನನಗೇನೂ ಆಗಲ್ಲ ಅಂತ ಗಟ್ಟಿಮುಟ್ಟಾಗಿದ್ದವರೆಲ್ಲ ತೆಗೆದರು.

ಹೇಳಿದವರಿಗೂ ಮೊದಲು ಸ್ಪಷ್ಟ ಇರಲಿಲ್ಲ, ಅದನ್ನೂ ಒಪ್ಪಬೇಕು. ಮಾರ್ಚ್ ತಿಂಗಳಲ್ಲಿ ‘ಆರೋಗ್ಯವಾಗಿದ್ದವರಿಗೆ ಮಾಸ್ಕ್ ಬೇಡ’ ಅಂದರು. ಏಪ್ರಿಲ್ ಮೊದಲ ವಾರಕ್ಕೆ ‘ಮನೆಯಲ್ಲೇ ಹೊಲಿದು ಹಾಕಿಕೊಳ್ಳಿ’ ಅಂತಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮೂರು ಪದರದ ಬಟ್ಟೆ ಮಾಸ್ಕ್ ಹಾಕಿ ಅಂದಿದ್ದು ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ನಮ್ಮೂರಿನ ಹಿರಿಯರು ‘ಇವ್ರಿಗೇ ಗೊತ್ತಿಲ್ಲ ಬುಡು’ ಅಂತ ತೀರ್ಮಾನ ಮಾಡಿ ಆಗಿತ್ತು.

ಅಮ್ಮನ ಮೆಷಿನ್

ಮೆಡಿಕಲ್ ಶಾಪಿನಲ್ಲಿ ಮಾಸ್ಕ್ ಇರಲಿಲ್ಲ. ಮೂರು ಪದರದ್ದಕ್ಕೆ 10 ರೂಪಾಯಿ ಮೀರಬಾರದು ಅಂತ ಕೇಂದ್ರ ಸರ್ಕಾರ ಮಾರ್ಚ್‌ನಲ್ಲೇ ದರ ಕಟ್ಟಿತ್ತು. ದರ ಕಟ್ಟಿದ ಮಾಲು ಅಂಗಡಿಯಲ್ಲಿ ಕಾಣಿಸಲ್ಲ ಅನ್ನುವುದು ಕೊಬ್ಬರಿ ಮಾರುವ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಅಮ್ಮ ಹೊಲಿಗೆ ಮೆಷಿನ್ ಮೇಲಿನ ಹೊದಿಕೆ ತೆಗೆದಳು. ಸ್ತ್ರೀಶಕ್ತಿ ಸಂಘದವರು ಎಲ್ಲಾ ಕಡೆ ಹೊಲಿಯುತ್ತಿದ್ದರು, ಇವರ ಸಂಘಕ್ಕೂ ಪಂಚಾಯ್ತಿಯಿಂದ ಆರ್ಡರ್ ಬಂತು. ಮನೆಗೆ ಅಂತ ಹೊಲಿದಿದ್ದು ಮಾತ್ರ ಅಪ್ಪನ ಹಳೇ ಪಂಚೆಯಿಂದ. ಒಗೆದು ಒಗೆದು ಮೆತ್ತಗಾಗಿದ್ದ ಪಂಚೆ. ಎರಡು ಪದರ ಅದು, ನಡುವೆ ಒಂದು ಬ್ಲೌಸ್ ಪೀಸು. ಎಲಾಸ್ಟಿಕ್ ಸಿಗದೆ ಪೆಟಿಕೋಟಿನ ಲಾಡಿಯನ್ನು ಸೀಳಿ ಹೊಲಿದಿದ್ದಳು. ಕಿವಿ ಹಿಂದೆ ಗಂಟು ಕಟ್ಟಿಕೊಳ್ಳಬೇಕಿತ್ತು. ಚೆನ್ನಾಗಿತ್ತು. ಉಸಿರಾಡುವುದಕ್ಕೂ ಆಗುತ್ತಿತ್ತು.

ನಾನು ಬೆಂಗಳೂರಿನಿಂದ ಎರಡು ಎನ್95 ತಂದಿದ್ದೆ. ತುಂಬಾ ಕಷ್ಟಪಟ್ಟು ಸಂಪಾದಿಸಿದ್ದು. ಒಂದು ವಾರ ಆದ ಮೇಲೆ ಬೆಳಗ್ಗೆ ಎದ್ದು ಹಿತ್ತಲಿಗೆ ಹೋದರೆ ಎರಡೂ ತಂತಿ ಮೇಲೆ ಒಣಗುತ್ತಿವೆ, ಎರಡು ಕ್ಲಿಪ್ಪು ಹಾಕಿಸಿಕೊಂಡು, ಅಪ್ಪನ ಬನಿಯನ್ ಪಕ್ಕ. ಸೋಪಿನ ಪುಡಿಯಲ್ಲಿ ನೆನೆಸಿ, ಬ್ರಷ್ ಹಾಕಿ ಉಜ್ಜಿದ್ದಾಳೆ. ‘ಎಷ್ಟ್ ಕೊಳೆ ಬಿಡ್ತು ಗೊತ್ತೇನೋ?’ ಅಂತ ಹೆಮ್ಮೆಯಿಂದ ಹೇಳಿದಳು. ತಲೆ ಮೇಲೆ ಕೈ ಹೊತ್ತು ಕೂತೆ. ಎನ್95 ಬರೀ ಜರಡಿ ಅಲ್ಲಮ್ಮ, ಅದರ ಎಳೆಗಳಲ್ಲಿ ಒಂಥರಾ ಕರೆಂಟು ತುಂಬಿರ್ತಾರೆ, ತಲೆ ಬಾಚಿದ ಬಾಚಣಿಗೆ ಪೇಪರ್ ಚೂರನ್ನು ಎಳ್ಕೊಳ್ಳುತ್ತಲ್ಲ ಹಾಗೆ ಸಣ್ಣ ಕಣಗಳನ್ನ ಹಿಡ್ಕೊಳ್ಳುತ್ತೆ, ಸೋಪಿಗೆ ಹಾಕಿದರೆ ಆ ಗುಣ ಹೋಗಿಬಿಡುತ್ತೆ ಅಂತ ವಿವರಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, ‘ಮತ್ತೆ ಒಗೀದೆ ಬರೋ ಬಟ್ಟೆನಾ ಅದು? ಥೂ’ ಅಂದಳು.

ಅವಳ ಪ್ರಕಾರ ಹೊರಗೆ ಹೋಗಿ ಬಂದ ಬಟ್ಟೆ ಒಗೆಯಬೇಕು. ಸಾವಿನ ಮನೆಗೆ ಹೋಗಿ ಬಂದವರು ಹಿತ್ತಲ ಕಡೆಯಿಂದ ಬಂದು, ಉಟ್ಟ ಬಟ್ಟೆ ನೀರಿಗೆ ಹಾಕಿ, ಸ್ನಾನ ಮಾಡಿ ಒಳಗೆ ಬರುವ ಮನೆ ನಮ್ಮದು. ಮುಟ್ಟಿದ್ದರಿಂದ ಅಂಟುವುದು ಏನು, ಅದನ್ನು ತೊಳೆಯುವುದು ಹೇಗೆ, ಇದರಲ್ಲಿ ಅವಳನ್ನು ಮೀರಿಸುವವರಿಲ್ಲ. ತರಕಾರಿಯನ್ನು ಉಪ್ಪು ನೀರಲ್ಲಿ ಮುಳುಗಿಸಿದಳು, ಹಾಲಿನ ಪ್ಯಾಕೆಟ್ ತೊಳೆದಳು, ಬಾಗಿಲ ಚಿಲಕ ಒರೆಸಿದಳು. ಎದುರು ಮನೆ ಅಕ್ಕ ಬಂದಾಗ ಮಾತ್ರ ನಡುಮನೆಯಲ್ಲಿ ಕೂರಿಸಿ, ಇಬ್ಬರೂ ಮಾಸ್ಕ್ ಕೆಳಗೆ ಮಾಡಿಕೊಂಡು, ಎರಡು ಗಂಟೆ ಹರಟೆ ಹೊಡೆದಳು. ಉಸಿರು ಮೈಲಿಗೆ ಆಗುತ್ತೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನನಗೂ ಆಗ ಅಷ್ಟು ಗೊತ್ತಿರಲಿಲ್ಲ ಬಿಡಿ. ನಾನೂ ಹಾಲಿನ ಪ್ಯಾಕೆಟ್ ತೊಳೆದವನೇ.

ಬ್ಯಾಂಕಿನ ಬಾಗಿಲಲ್ಲಿ

ಏಪ್ರಿಲ್‌ನಲ್ಲಿ ಪಿಎಂ ಕಿಸಾನ್‌ದು 2,000 ರೂಪಾಯಿ ಖಾತೆಗೆ ಬಿದ್ದಿತ್ತು. ಹೆಂಗಸರ ಜನಧನ್ ಖಾತೆಗೆ 500. ಬ್ಯಾಂಕಿನ ಮುಂದೆ ಜಾತ್ರೆ. ಸುಣ್ಣದಲ್ಲಿ ವೃತ್ತ ಎಳೆದಿದ್ದರು. ವೃತ್ತದೊಳಗೆ ಚಪ್ಪಲಿ ಬಿಟ್ಟು, ಪಾಸ್‌ಬುಕ್ಕಿನ ಮೇಲೆ ಕಲ್ಲಿಟ್ಟು, ಜನ ಎಲ್ಲಾ ಬೇವಿನ ಮರದ ನೆರಳಲ್ಲಿ ಒತ್ತಾಗಿ ಕೂತಿದ್ದರು. ಚಪ್ಪಲಿಗಳು ಅಂತರ ಕಾಯುತ್ತಿದ್ದವು.

ಬಾಗಿಲಿಗೆ ಬೋರ್ಡು, ‘ಮಾಸ್ಕ್ ಇಲ್ಲದವರಿಗೆ ಪ್ರವೇಶವಿಲ್ಲ’. ನಾನು ಅಪ್ಪನನ್ನು ಬೈಕಲ್ಲಿ ಕರೆದುಕೊಂಡು ಹೋಗಿ ರಸ್ತೆ ಆಚೆ ನಿಂತಿದ್ದೆ. ಅಪ್ಪ ಒಳಗೆ ಹೋಗಿ ಹತ್ತು ನಿಮಿಷಕ್ಕೆ ಹೊರಗೆ ಬಂದರು. ಮೆಟ್ಟಿಲ ಹತ್ತಿರ ಪಕ್ಕದೂರಿನವರೊಬ್ಬರು ನಿಂತಿದ್ದರು, ಅಪ್ಪನ ಜೊತೆ ಎಪಿಎಂಸಿಯಲ್ಲಿ ಸಿಗುವವರು. ಏನೋ ಕೇಳಿದರು. ಅಪ್ಪ ಮಾತೇ ಆಡದೆ ಕಿವಿ ಹಿಂದಿನ ಗಂಟು ಬಿಚ್ಚಿ ಮಾಸ್ಕನ್ನು ಅವರ ಕೈಗೆ ಕೊಟ್ಟರು. ಅವರು ಅದನ್ನು ಒಂದು ಸಲ ಕೊಡವಿ, ಕಟ್ಟಿಕೊಂಡು ಒಳಗೆ ಹೋದರು. ಅಪ್ಪ ನನಗೆ ‘ಇರು’ ಅಂತ ಕೈ ಸನ್ನೆ ಮಾಡಿ, ಬೀಡಿ ಹಚ್ಚಿ ಕಾದರು. ಅವರು ಹೊರಗೆ ಬಂದ ಮೇಲೆ ಅವರ ಹಿಂದೆ ನಿಂತಿದ್ದ ಹೆಂಗಸು ‘ನಂಗೂ ವಸಿ ಕೊಡಣ್ಣ’ ಅಂದಿತು. ಅವರಿಗೂ ಹೋಯಿತು. ಅಪ್ಪನ ಹಳೇ ಪಂಚೆ ಆವತ್ತು ನನ್ನ ಕಣ್ಣೆದುರೇ ಮೂರು ಮುಖ ನೋಡಿತು. ವಾಪಸ್ ಬಂದಾಗ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು, ಎರಡು ಸಾವಿರ ರೂಪಾಯಿ ಜೊತೆಗೆ.

ದಾರಿಯುದ್ದಕ್ಕೂ ಬೈದೆ. ಮನೆಗೆ ಬಂದ ಮೇಲೆ ಅಮ್ಮ ಬೈದಳು. ಅಪ್ಪ ಕಾಲು ತೊಳೆದುಕೊಂಡು ಬಂದು ಕೂತು ಹೇಳಿದ್ದು ಒಂದೇ ಮಾತು: ‘ಕೊಡಲ್ಲ ಅಂದ್ರೆ ನಿಂಗೆ ರೋಗ ಐತೆ ಅಂದಂಗಾಗಲ್ವಾ? ಎಷ್ಟ್ ವರ್ಷದ ಪರಿಚಯ.’

ಬಸ್ಸಲ್ಲಿ ಪಕ್ಕದವರು ಪೇಪರ್ ಕೇಳಿದರೆ ಕೊಡಲ್ಲ ಅನ್ನುತ್ತೀವಾ? ಬಿಸಿಲಲ್ಲಿ ಬಂದವರು ನೀರು ಕೇಳಿದರೆ? ಅಪ್ಪನಿಗೆ ಆ ಮಾಸ್ಕ್ ಬ್ಯಾಂಕಿನ ಬಾಗಿಲು ತೆಗೆಯುವ ಬೀಗದ ಕೈ. ಒಂದು ಬೀಗದ ಕೈ ಇದ್ದರೆ ಇಡೀ ಕೇರಿ ಉಪಯೋಗಿಸುವುದು ನಮ್ಮಲ್ಲಿ ಹೊಸದಲ್ಲ. ಬ್ಯಾಂಕಿನವರೂ ಮುಖದ ಮೇಲೆ ಬಟ್ಟೆ ಇದೆಯೋ ಇಲ್ಲವೋ ಅಷ್ಟೇ ನೋಡುತ್ತಿದ್ದರು, ಅದು ಯಾರ ಬಟ್ಟೆ ಅಂತ ಕೇಳುವುದು ಅವರ ಕೆಲಸವೂ ಆಗಿರಲಿಲ್ಲ.

ಸಿಗ್ನಲ್ ಮಾಸ್ಕ್

ಆಗಸ್ಟ್‌ನಲ್ಲಿ ಬೆಂಗಳೂರಿಗೆ ವಾಪಸ್ ಬಂದೆ. ಇಲ್ಲಿ ಮಾಸ್ಕಿನ ಕಥೆಯೇ ಬೇರೆ. ಮಾರ್ಷಲ್‌ಗಳು ರಸೀದಿ ಪುಸ್ತಕ ಹಿಡಿದು ಸರ್ಕಲ್‌ಗಳಲ್ಲಿ ನಿಂತಿರುತ್ತಿದ್ದರು. ದಂಡ ಮೇ ತಿಂಗಳಲ್ಲಿ 1,000 ಅಂತ ಶುರುವಾಗಿ ಕೆಲವೇ ದಿನದಲ್ಲಿ 200ಕ್ಕೆ ಇಳಿದಿತ್ತು. ಅಕ್ಟೋಬರ್‌ನಲ್ಲಿ ಮತ್ತೆ ನಗರದಲ್ಲಿ 1,000, ಹಳ್ಳಿಯಲ್ಲಿ 500 ಅಂದರು. ಜನ ಗಲಾಟೆ ಮಾಡಿದ ಮೇಲೆ 250 ಮತ್ತು 100 ಆಯಿತು. ತರಕಾರಿ ಥರ ಏರಿಳಿಯುವ ದಂಡ ಅದು. ನಾವು ಹೆಲ್ಮೆಟ್ ವಿಷಯದಲ್ಲಿ ಕಲಿತಿದ್ದ ವಿದ್ಯೆಯನ್ನೆಲ್ಲ ಇಲ್ಲಿಗೆ ತಂದೆವು. ಸಿಗ್ನಲ್ ಹತ್ತಿರ ಬಂದಾಗ ಏರಿಸುವುದು, ದಾಟಿದ ಮೇಲೆ ಇಳಿಸುವುದು. ಎದುರುಗಡೆಯಿಂದ ಬರುವವರು ಲೈಟ್ ಮಿಣುಕಿಸಿ ‘ಮುಂದೆ ಇದ್ದಾರೆ’ ಅಂತ ತಿಳಿಸುವುದು. ಬೈಕಲ್ಲಿ ಒಬ್ಬನೇ ಹೋಗುವಾಗ ಗಾಳಿಯಲ್ಲಿ ಮಾಸ್ಕ್ ಹಾಕಿಕೊಂಡಿದ್ದವನು, ಮುಚ್ಚಿದ ಆಫೀಸಿನಲ್ಲಿ ಎಸಿ ಕೆಳಗೆ ಹನ್ನೆರಡು ಜನರ ಜೊತೆ ಕೂತಾಗ ತೆಗೆದು ಡ್ರಾಯರಿಗೆ ಹಾಕುತ್ತಿದ್ದೆ. ಆಫೀಸಲ್ಲಿ ಮಾರ್ಷಲ್ ಇರಲಿಲ್ಲವಲ್ಲ. ಎಲ್ಲಿ ಬೇಕಿರಲಿಲ್ಲವೋ ಅಲ್ಲಿ ಹಾಕಿದೆವು, ಎಲ್ಲಿ ಬೇಕಿತ್ತೋ ಅಲ್ಲಿ ತೆಗೆದೆವು.

ದೊಡ್ಡವರನ್ನು ನೋಡಿ ಕಲಿಯೋಣ ಅಂದರೆ, 2021ರ ಏಪ್ರಿಲ್‌ನಲ್ಲಿ ಬೆಳಗಾವಿ, ಬಸವಕಲ್ಯಾಣ, ಮಸ್ಕಿ ಉಪಚುನಾವಣೆ. ಪ್ರಚಾರದ ದೃಶ್ಯ ಟಿವಿಯಲ್ಲಿ ಬರುವಾಗ ನನ್ನ ರೂಂಮೇಟ್ ‘ಮಸ್ಕಿಯಲ್ಲೇ ಮಾಸ್ಕ್ ಇಲ್ವಲ್ಲೋ’ ಅಂದಿದ್ದು ನೆನಪಿದೆ. ಪತ್ರಿಕಾಗೋಷ್ಠಿಗಳಲ್ಲೂ ಒಂದು ವಿಚಿತ್ರ ಗಮನಿಸಿದ್ದೆ. ಸುಮ್ಮನೆ ಕೂತಿದ್ದಾಗ ಎಲ್ಲರ ಮುಖದಲ್ಲೂ ಮಾಸ್ಕ್ ಇರುತ್ತಿತ್ತು. ಮಾತಾಡುವ ಸರದಿ ಬಂದವರು ಮೈಕ್ ಹತ್ತಿರಕ್ಕೆ ಎಳೆದುಕೊಂಡು ಮಾಸ್ಕ್ ಕೆಳಗಿಳಿಸುತ್ತಿದ್ದರು. 2020ರ ಏಪ್ರಿಲ್ 14ರಂದು ಪ್ರಧಾನಿ ಗಮ್ಚಾದಿಂದ ಮೂಗು ಬಾಯಿ ಮುಚ್ಚಿಕೊಂಡೇ ಟಿವಿಯಲ್ಲಿ ಕಾಣಿಸಿಕೊಂಡರು, ಕೈ ಮುಗಿದರು, ಮಾತಿಗೆ ಮುಂಚೆ ಅದನ್ನು ಇಳಿಸಿದರು. ಬಾಯಿ ಮುಚ್ಚಿದ್ದಾಗ ಹೊರಗೆ ಬರುವುದು ಕಡಿಮೆ, ಮಾತಾಡಿದಾಗಲೇ ಜಾಸ್ತಿ. ಆದರೂ ಮಾತಿಗೆ ಮುಂಚೆ ಇಳಿಸುವುದು ನಮಗೆ ಯಾರಿಗೂ ತಪ್ಪು ಅನ್ನಿಸಲಿಲ್ಲ, ಸಹಜ ಅನ್ನಿಸಿತು. ಯಾಕೆ ಅಂತ ನನಗೆ ಅರ್ಥ ಆಗಿದ್ದು 2021ರ ಯುಗಾದಿ ಆದ ಮೇಲೆ.

ಯುಗಾದಿ

2021ರ ಯುಗಾದಿ ಏಪ್ರಿಲ್ 13ಕ್ಕೆ. ಎರಡನೇ ಅಲೆ ಏಳುತ್ತಿತ್ತು, ಲಾಕ್‌ಡೌನ್ ಇನ್ನೂ ಬಂದಿರಲಿಲ್ಲ. ಹಬ್ಬಕ್ಕೆ ಊರಿಗೆ ಹೋದೆ. ಬಸ್ಸಲ್ಲಿ ಎನ್95 ಹಾಕಿಕೊಂಡೇ ಇದ್ದೆ, ನೀರು ಕುಡಿಯುವುದಕ್ಕೂ ತೆಗೆಯಲಿಲ್ಲ. ಅಷ್ಟು ಶಿಸ್ತು.

ಸಂಜೆ ಬೇವು ಬೆಲ್ಲ ತಗೊಂಡು ದೊಡ್ಡಪ್ಪನ ಮನೆಗೆ ಹೋದೆ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ. ದೊಡ್ಡಪ್ಪನಿಗೆ ಆಗ ಎಪ್ಪತ್ತೆರಡು. ಕಿವಿ ಮಂದ. ಜಗಲಿ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ಒಳಗೆ ದೊಡ್ಡಮ್ಮ ಒಬ್ಬಟ್ಟು ಬೇಯಿಸುತ್ತಿದ್ದಳು, ವಾಸನೆ ಬೀದಿಗೆ ಬರುತ್ತಿತ್ತು. ನಾನು ಮಾಸ್ಕ್ ಹಾಕಿಕೊಂಡೇ ಮೆಟ್ಟಿಲು ಹತ್ತಿ ‘ಹಬ್ಬ ಆಯ್ತಾ ದೊಡ್ಡಪ್ಪ’ ಅಂದೆ.

‘ಯಾವನ್ಲಾ ಅದು?’

ಹೆಸರು ಹೇಳಿದೆ. ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಿದೆ. ಕಣ್ಣು ಕಿರಿದು ಮಾಡಿ ನೋಡಿದರು. ‘ಗುರ್ತೇ ಸಿಗಲ್ವಲ್ಲೋ. ಅದೇನ್ ಕಟ್ಕಂಡಿದೀಯಾ, ಇಳ್ಸಿ ಮಾತಾಡು.’

ಇಳಿಸಿದೆ. ಯೋಚನೆಯೇ ಮಾಡಲಿಲ್ಲ. ಕೈ ತಾನಾಗೇ ಹೋಯಿತು. ಆ ಕೈ ಹೋದ ರೀತಿ ನನಗೆ ಈಗಲೂ ಸರಿಯಾಗಿ ನೆನಪಿದೆ. ಯಾಕಂದರೆ ಅದು ನನಗೆ ಚಿಕ್ಕಂದಿನಿಂದ ಅಭ್ಯಾಸ ಇರುವ ಚಲನೆ. ಪಂಚೆ ಎತ್ತಿ ಕಟ್ಟಿಕೊಂಡು ಬೀದಿಯಲ್ಲಿ ಹೋಗುತ್ತಿರುತ್ತೀರಿ. ಎದುರಿಗೆ ಮಾವನೋ ಮೇಷ್ಟ್ರೋ ಬರುತ್ತಾರೆ. ಕೈ ತಾನಾಗೇ ಹೋಗಿ ಪಂಚೆ ಇಳಿಸುತ್ತದೆ. ತಲೆಗೆ ಸುತ್ತಿದ ಟವೆಲ್ ಹೆಗಲಿಗೆ ಬರುತ್ತದೆ. ಚಪ್ಪಲಿ ಮೆಟ್ಟಿಲ ಕೆಳಗೆ ಉಳಿಯುತ್ತದೆ. ಮಾಸ್ಕೂ ಅದೇ ಸಾಲಿಗೆ ಸೇರಿಬಿಟ್ಟಿತ್ತು. ದೊಡ್ಡವರ ಎದುರು ಮುಖ ಮುಚ್ಚಿಕೊಂಡು ಮಾತಾಡುವವನು ಸೊಕ್ಕಿನವನು, ಇಲ್ಲವೇ ಏನೋ ಮುಚ್ಚಿಡುವವನು. ದಾರಿಯಲ್ಲಿ ಹೋಗುವ ಅಪರಿಚಿತರಿಗೆ ಮಾಸ್ಕ್. ನಮ್ಮವರು ಅನ್ನಿಸಿಕೊಂಡವರಿಗೆ ಬರೀ ಮುಖ. ಆಫೀಸಿನ ಹನ್ನೆರಡು ಜನ, ಎದುರು ಮನೆ ಅಕ್ಕ, ಅಪ್ಪನ ಎಪಿಎಂಸಿ ಗೆಳೆಯ, ಎಲ್ಲರಿಗೂ ನಾವು ಮಾಡಿದ್ದು ಇದನ್ನೇ. ನೀವು ಬೇಕಾದವರು, ನಿಮ್ಮ ಬಗ್ಗೆ ನನಗೆ ಅನುಮಾನ ಇಲ್ಲ ಅಂತ ತೋರಿಸಿದ್ದು. ಬೇಕಾದವರಿಗೇ ಅಲ್ವಾ ನಾವು ಹತ್ತಿರ ಕೂರುವುದು, ಜಾಸ್ತಿ ಹೊತ್ತು ಕೂರುವುದು.

ಆಮೇಲೆ ಗೊತ್ತಾಗಿದ್ದು, ದೊಡ್ಡಪ್ಪನಿಗೆ ಇನ್ನೊಂದು ಕಷ್ಟವೂ ಇತ್ತು. ಕಿವಿ ಮಂದ ಆದ ಮೇಲೆ ಅವರು ತುಟಿ ನೋಡಿಕೊಂಡೇ ಮಾತು ಅರ್ಥ ಮಾಡಿಕೊಳ್ಳುತ್ತಿದ್ದರಂತೆ. ಹಾಗಂತ ಅವರಿಗೇ ಗೊತ್ತಿರಲಿಲ್ಲ. ಊರೆಲ್ಲ ಮಾಸ್ಕ್ ಹಾಕಿಕೊಂಡ ಮೇಲೆ ‘ಈ ವರ್ಷ ಯಾಕೋ ಕಿವಿ ಪೂರ್ತಿ ಹೋಯ್ತು’ ಅನ್ನುತ್ತಿದ್ದರು.

ಆವತ್ತು ಎರಡು ಗಂಟೆ ಕೂತೆ. ಕಾಲಿಗೆ ಬಿದ್ದೆ. ದೊಡ್ಡಮ್ಮ ಬಾಳೆ ಎಲೆ ಹಾಕಿ ಒಬ್ಬಟ್ಟಿಗೆ ತುಪ್ಪ ಸುರಿದಳು. ಕರೆಂಟು ಹೋಗಿತ್ತು, ಸೊಳ್ಳೆ ಅಂತ ಕಿಟಕಿ ಹಾಕಿದ್ದರು. ಮಾಸ್ಕ್ ನನ್ನ ಗದ್ದದ ಮೇಲೆ, ನಾನು ಫಾರ್ವರ್ಡ್ ಮಾಡಿದ್ದ ಫೋಟೋಗಳಲ್ಲಿ ಇತ್ತಲ್ಲ ಹಾಗೇ.

16ನೇ ತಾರೀಕು ಬೆಳಗ್ಗೆ ಒಗ್ಗರಣೆ ವಾಸನೆ ಬರಲಿಲ್ಲ. ಸಾಸಿವೆ ಸಿಡಿಯುವ ಸದ್ದು ಕೇಳಿಸುತ್ತಿದೆ, ಇಂಗಿನ ಡಬ್ಬಿ ಮೂಗಿನ ಕೆಳಗಿದೆ, ವಾಸನೆ ಇಲ್ಲ. ಟೆಸ್ಟ್ ಮಾಡಿಸಿದೆ, ಪಾಸಿಟಿವ್. ಅಪ್ಪ ಅಮ್ಮನಿಗೆ ಏನೂ ಆಗಲಿಲ್ಲ. ದೊಡ್ಡಪ್ಪನಿಗೂ ಇಲ್ಲ. ದೊಡ್ಡಮ್ಮನಿಗೆ 19ಕ್ಕೆ ಜ್ವರ ಬಂತು. ಆಶಾ ಕಾರ್ಯಕರ್ತೆ ಬೆರಳಿಗೆ ಆಕ್ಸಿಮೀಟರ್ ಹಾಕಿದಾಗ 91. ಎಂಟು ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದಳು. ಬೆಂಗಳೂರಲ್ಲಿ ಬೆಡ್ ಸಿಗದೆ ಜನ ಆಂಬುಲೆನ್ಸ್‌ನಲ್ಲೇ ಸುತ್ತುತ್ತಿದ್ದ ದಿನಗಳವು, ಅವಳಿಗೆ ಬೆಡ್ ಸಿಕ್ಕಿದ್ದೇ ಪುಣ್ಯ. ಬದುಕಿ ಬಂದಳು. ಕೆಮ್ಮು ಮಾತ್ರ ಒಂದು ವರ್ಷ ಉಳಿಯಿತು.

ನನ್ನಿಂದಲೇ ಬಂತಾ? ಗೊತ್ತಿಲ್ಲ. ಆ ವಾರ ಊರಲ್ಲಿ ಎರಡು ಮದುವೆ ಇದ್ದವು, ಎರಡಕ್ಕೂ ಅವಳು ಹೋಗಿದ್ದಳು. ಮನೆಯವರೆಲ್ಲ ‘ಮದುವೇಲೇ ಅಂಟಿರೋದು’ ಅಂತಲೇ ಹೇಳಿದರು, ನನ್ನ ಮುಖ ನೋಡದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ. ಆಸ್ಪತ್ರೆಯಿಂದ ಬಂದ ಮೇಲೆ ಫೋನ್ ಮಾಡಿದರೆ ದೊಡ್ಡಮ್ಮ ಮೊದಲು ಕೇಳಿದ್ದು ‘ನಿಂಗೆ ರುಚಿ ಬಂತೇನಪ್ಪಾ?’ ಅಂತ.

ನೂರಕ್ಕೆ ಏಳು

ಆ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಇಲಾಖೆ ಒಂದು ಲೆಕ್ಕ ಹೇಳಿತು. 25 ನಗರಗಳಲ್ಲಿ 2,000 ಜನರನ್ನು ನೋಡಿದ್ದಂತೆ. ಅರ್ಧದಷ್ಟು ಜನ ಮಾಸ್ಕ್ ಹಾಕುವುದೇ ಇಲ್ಲ. ಹಾಕುವವರಲ್ಲಿ ಶೇ 64 ಜನರ ಮೂಗು ಹೊರಗೆ, ಶೇ 20 ಜನರದ್ದು ಗದ್ದದಲ್ಲಿ, ಶೇ 2 ಜನರದ್ದು ಕುತ್ತಿಗೆಯಲ್ಲಿ. ಸರಿಯಾಗಿ ಹಾಕುವವರು ಶೇ 14. ಅಂದರೆ ಒಟ್ಟು ನೂರು ಜನರಲ್ಲಿ ಏಳು. ರೂಮಲ್ಲಿ ಒಬ್ಬನೇ ಮಲಗಿ ಇದನ್ನು ಓದಿದೆ. ಏಪ್ರಿಲ್ 13ರ ಬೆಳಗ್ಗೆ ಬಸ್ಸಲ್ಲಿ ಎಣಿಸಿದ್ದರೆ ನಾನು ಆ ಏಳರಲ್ಲಿ ಇರುತ್ತಿದ್ದೆ. ಸಂಜೆ ಎಣಿಸಿದ್ದರೆ ಗದ್ದದವರ ಪೈಕಿ. ಆ ಲೆಕ್ಕದಲ್ಲಿ ಜನ ಒಂದೊಂದು ಜಾತಿ ಅನ್ನುವ ಹಾಗೆ ವಿಂಗಡಿಸಿದ್ದರು. ಒಬ್ಬನೇ ಮನುಷ್ಯ ಒಂದೇ ದಿನದಲ್ಲಿ ನಾಲ್ಕೂ ಕಡೆ ಇರಬಹುದು, ಎದುರಿಗೆ ಯಾರಿದ್ದಾರೆ ಅನ್ನುವುದರ ಮೇಲೆ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಬಗ್ಗೆ ಆಮೇಲೆ ಓದಿದೆ. 600 ಹಳ್ಳಿ, 3.4 ಲಕ್ಷದಷ್ಟು ಜನ. ಅರ್ಧ ಹಳ್ಳಿಗಳಲ್ಲಿ ಮಾಸ್ಕ್ ಪುಕ್ಕಟೆ ಹಂಚಿ, ಹೇಗೆ ಹಾಕಬೇಕು ಅಂತ ತೋರಿಸಿ, ಊರಿನ ಹಿರಿಯರು, ಮಸೀದಿಯ ಇಮಾಮರು ತಾವೂ ಹಾಕಿಕೊಂಡರು. ಹಾಕುವವರು ನೂರಕ್ಕೆ 13 ಇದ್ದವರು 42 ಆದರು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಲಕ್ಷಣ ಇರುವ ಸೋಂಕು ಶೇ 11ರಷ್ಟು ಕಡಿಮೆಯಾಯಿತು, 60 ದಾಟಿದವರಲ್ಲಿ ಶೇ 35ರಷ್ಟು. ನನಗೆ ಹಿಡಿಸಿದ್ದು ಬೇರೆ ವಿಷಯ. ಮೊಬೈಲಿಗೆ ಮೆಸೇಜ್ ಕಳಿಸಿದ್ದು, ಹಳ್ಳಿಗೆ ಬಹುಮಾನದ ಆಸೆ ತೋರಿಸಿದ್ದು, ಇದ್ಯಾವುದರಿಂದಲೂ ಹೆಚ್ಚಿನ ಪ್ರಯೋಜನ ಆಗಲಿಲ್ಲವಂತೆ. ಕೆಲಸ ಮಾಡಿದ್ದರಲ್ಲಿ ಮುಖ್ಯವಾದದ್ದು ಸಂತೆಯಲ್ಲಿ, ಬೀದಿಯಲ್ಲಿ ಒಬ್ಬ ಮನುಷ್ಯ ಎದುರಿಗೆ ಬಂದು ‘ಅಣ್ಣಾ, ಮಾಸ್ಕ್ ಹಾಕ್ಕೊಳ್ಳಿ’ ಅಂತ ಹೇಳಿದ್ದು. ನಮ್ಮಲ್ಲಿ ಫೋನ್ ಮಾಡಿದಾಗೆಲ್ಲ ಕೆಮ್ಮಿನ ಸದ್ದು ಕೇಳಿಸಿದರು. ಮಾಸ್ಕ್ ಇಳಿಸುವುದೇ ಮರ್ಯಾದೆ ಅಂತ ನಂಬಿದ್ದ ಊರಿಗೆ, ಏರಿಸುವುದು ಮರ್ಯಾದೆ ಅಂತ ಹೇಳಬೇಕಿತ್ತು. ಅದನ್ನು ದೊಡ್ಡಪ್ಪನಂಥವರೇ ಹೇಳಬೇಕಿತ್ತು. ನಾನು ಮೊದಲು ದೊಡ್ಡಪ್ಪನಿಗೆ ಹೇಳಬೇಕಿತ್ತು, ಅವರಿಗೆ ನನ್ನ ತುಟಿ ಕಾಣುವಷ್ಟು ದೂರ ನಿಂತು.

ದೊಡ್ಡಪ್ಪ 2023ರಲ್ಲಿ ತೀರಿಕೊಂಡರು, ವಯಸ್ಸಿನ ಕಾಯಿಲೆ, ಕೊರೋನಾ ಅಲ್ಲ.

ಈ ವರ್ಷದ ಯುಗಾದಿಗೆ ಊರಿಗೆ ಹೋದಾಗ ನನಗೆ ಸಣ್ಣ ನೆಗಡಿ. ದೊಡ್ಡಮ್ಮನ ಮನೆಗೆ ಹೋಗದೆ ಇರುವ ಹಾಗಿಲ್ಲ. ಬ್ಯಾಗಿನ ತಳದಲ್ಲಿ ಒಂದು ಹೊಸ ಮಾಸ್ಕ್ ಇತ್ತು, ಹಾಕಿಕೊಂಡು ಹೋದೆ. ಬೀದಿಯಲ್ಲಿ ಆಡುತ್ತಿದ್ದ ಹುಡುಗರು ‘ಕೊರೋನಾ ಕೊರೋನಾ’ ಅಂತ ಕೂಗಿದರು. ಒಳಗೆ ಹೋಗದೆ ಜಗಲಿ ಮೇಲೆ, ದೊಡ್ಡಪ್ಪ ಒರಗುತ್ತಿದ್ದ ಕಂಬದ ಹತ್ತಿರ ಕೂತು ಕೂಗಿದೆ. ದೊಡ್ಡಮ್ಮ ಬಾಗಿಲಿಗೆ ಬಂದು ನೋಡಿದಳು. ಯಾರು ಅಂತ ಕೇಳಲಿಲ್ಲ. ‘ನೆಗಡಿನಾ?’ ಅಂದಳು. ಹೂಂ ಅಂದೆ. ಇಳಿಸು ಅನ್ನುತ್ತಾಳೇನೋ ಅಂತ ಕಾದೆ. ಒಳಗೆ ಹೋದಳು. ಒಂದು ತಟ್ಟೆಯಲ್ಲಿ ಒಬ್ಬಟ್ಟು, ಲೋಟದಲ್ಲಿ ಕಾಫಿ ತಂದು ಜಗಲಿಯ ಆ ಕೊನೆಗೆ ಇಟ್ಟಳು. ಹೊಸಿಲ ತನಕ ಹಿಂದಕ್ಕೆ ಹೋಗಿ, ಸೆರಗನ್ನು ಮೂಗಿಗೆ ಒತ್ತಿ ಹಿಡಿದುಕೊಂಡು ನಿಂತಳು.

‘ಈಗ ಇಳ್ಸಿ ಕುಡಿ’ ಅಂದಳು.